ಬಾಳಿಕೆ ಬರುವ ತಂತಿ

ಬೆರಳಿಗೆ ಹತ್ತಿದ ತುಕ್ಕಿನ ವಾಸನೆ ಸಾಬೂನಿಗೆ ಹೋಗುವುದಿಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದುಕೊಂಡು ಔರಾದದಿಂದ ಬೀದರದವರೆಗೆ ನಿಂತು ಬಂದಿದ್ದರೆ ನಿಮಗೂ ಅದು ಗೊತ್ತಿರುತ್ತದೆ. ಹೋದ ತಿಂಗಳು ಮನೆಯ ಮಾಲೀಕರು, ಗೋಡೆಗೆ ಸುಣ್ಣ ಹೊಡೆಸುತ್ತೇವೆ, ಸಾಮಾನು ತೆಗೆದಿಡಿ ಎಂದರು. ಬೀದರದಲ್ಲಿ ನನ್ನದು ಒಂದೇ ಕೋಣೆಯ ಬಾಡಿಗೆ ಮನೆ, ತೆಗೆದಿಡುವಂಥದ್ದು ಹೆಚ್ಚಿಲ್ಲ. ಗೋಡೆಯ ಮೊಳೆಗೆ ಒಂದು ಹಳೆಯ ಬೇಸ್ ಗಿಟಾರು ತೂಗುತ್ತಿತ್ತು. ಇಳಿಸುವಾಗ ಅದರ ದಪ್ಪ ತಂತಿ ಅಂಗೈಗೆ ಉಜ್ಜಿತು. ಕೈ ತೊಳೆದು ಊಟಕ್ಕೆ ಕೂತರೆ ಜೋಳದ ರೊಟ್ಟಿಗೂ ಅದೇ ವಾಸನೆ. ಆ ವಾಸನೆ ಎಬ್ಬಿಸಿದ ಒಂದು ಸಂಗತಿಯನ್ನು ನಿಮ್ಮ ಮುಂದೆ ಹೇಳಿಬಿಡಬೇಕೆಂದು ಕೂತಿದ್ದೇನೆ. ಹತ್ತನೆಯ ತರಗತಿವರೆಗೆ ಓದಿದವನು ನಾನು, ಬರವಣಿಗೆ ಅಷ್ಟಕ್ಕಷ್ಟೆ. ಸಹಿಸಿಕೊಳ್ಳಿ.

ಬೇಸ್ ಗಿಟಾರು ನೋಡಿರದವರಿಗೆ ಎರಡು ಮಾತು. ಸಾಮಾನ್ಯ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ನಾಲ್ಕನೆಯದು ಸೈಕಲ್ಲಿನ ಬ್ರೇಕ್ ತಂತಿಯಷ್ಟು ದಪ್ಪ. ಮದುವೆಯ ಆರ್ಕೆಸ್ಟ್ರಾದಲ್ಲಿ ಜನ ಹಾಡುವವರನ್ನು ನೋಡುತ್ತಾರೆ, ಢೋಲಕ್ ಬಾರಿಸುವವನನ್ನು ನೋಡುತ್ತಾರೆ, ಬೇಸಿನವನನ್ನು ಯಾರೂ ನೋಡುವುದಿಲ್ಲ. ಅವನು ನಿಲ್ಲಿಸಿದರೆ ಮಾತ್ರ ಹಾಡಿನ ಕಾಲು ಮುರಿದಂತಾಗುತ್ತದೆ. ಇನ್ನೊಂದು, ಕರೆಂಟು ಮತ್ತು ಸ್ಪೀಕರ್ ಇಲ್ಲದೆ ಇದಕ್ಕೆ ದನಿಯೇ ಇಲ್ಲ. ಬರಿಗೈಯಲ್ಲಿ ಬಾರಿಸಿ ಕೇಳಬೇಕೆಂದರೆ ಕಿವಿಯನ್ನು ಅದರ ಕಟ್ಟಿಗೆಗೆ ಹಚ್ಚಬೇಕು. ಆಗ ತಲೆಯ ಒಳಗೆಲ್ಲ ಗುಂಯ್ ಎನ್ನುತ್ತದೆ, ಪಕ್ಕದಲ್ಲಿ ಕೂತವನಿಗೆ ಏನೂ ಕೇಳುವುದಿಲ್ಲ.

ಸುಣ್ಣ ಹೊಡೆದಾಯಿತು. ಗಿಟಾರನ್ನು ಮತ್ತೆ ಮೊಳೆಗೆ ಹಾಕಲು ಮನಸ್ಸು ಬರಲಿಲ್ಲ. ತುಕ್ಕು ಹಿಡಿದ ತಂತಿಗಳನ್ನು ಬಿಚ್ಚಿ ಎಸೆದು, ಬಸ್ ನಿಲ್ದಾಣದ ಹತ್ತಿರ ವಾದ್ಯಗಳ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋದೆ. ತಂದೆಯ ಅಂಗಡಿಯನ್ನು ಈಗ ಮಗಳು ನೋಡಿಕೊಳ್ಳುತ್ತಾಳೆ.

"ಯಾರಿಗ್ರಿ ಮುತ್ಯಾ, ಮೊಮ್ಮಗಗೇನ್ರಿ?" ಎಂದಳು.

"ನನಗೇ ಅಂತ ತಿಳ್ಕೊ ತಂಗಿ. ಬಾಳಿಕಿ ಬರೂವಂಥಾದು ಕೊಡು. ಮತ್ತ ಮತ್ತ ಬದಲಿ ಮಾಡೂದು ನನ್ನ ಕೈಲೆ ಆಗಂಗಿಲ್ಲ."

"ಬಾಳಿಕಿ ಬರೂದು ತಂತಿ ಮ್ಯಾಲಿಲ್ರಿ, ಕೈ ಮ್ಯಾಲದ. ಕೆಲವರ ಬೆವರು ತಂತಿ ತಿಂತದ. ದಿನಾ ಬಾರಿಸ್ತೀರೋ, ಹಾಂಗೇ ತೂಗಹಾಕ್ತೀರೋ?"

ನಾನು ನಕ್ಕೆ. ಅವಳು ಬೇಸರವಿಲ್ಲದೆ ವಿವರಿಸಿದಳು. ಬೇಸಿನ ತಂತಿ ಎಂದರೆ ಒಂದೇ ಎಳೆಯಲ್ಲ, ನಡುವೆ ಉಕ್ಕಿನ ಎಳೆ, ಅದರ ಮೇಲೆ ಇನ್ನೊಂದನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಆ ಸುತ್ತುಗಳ ಸಂದಿಯಲ್ಲಿ ಬೆವರು, ಧೂಳು, ಎಣ್ಣೆ ಕೂತು ತಂತಿಯ ದನಿ ಹೋಗುತ್ತದೆ. ನಿಕ್ಕಲಿನದು ಬೆರಳಿಗೆ ಮೆತ್ತಗೆ, ಬೇಗ ಮಂಕಾಗುತ್ತದೆ. ಸ್ಟೀಲಿನದು ಗಟ್ಟಿ, ಬೆರಳನ್ನೂ ಗಿಟಾರಿನ ಕತ್ತಿನ ಲೋಹದ ಪಟ್ಟಿಗಳನ್ನೂ ತೇಯುತ್ತದೆ. ಮೇಲೆ ತೆಳ್ಳಗೆ ಲೇಪನ ಕೊಟ್ಟದ್ದು ಬೆವರಿಗೆ ಜಗ್ಗುವುದಿಲ್ಲ, ಲೇಪನ ಸುಲಿದರೆ ಮುಗಿಯಿತು. ಕೊನೆಗೆ ಚಪ್ಪಟೆ ಸುತ್ತಿನದು. ಅದಕ್ಕೆ ಸಂದಿಯೇ ಇಲ್ಲ, ಕೈಯಾಡಿಸಿದರೆ ಹಾವಿನ ಮೈಯಂತೆ ನುಣ್ಣಗೆ.

"ಇದನ್ನ ಹಾಕಿದವರು ಹತ್ತ್ ವರ್ಷ ಈ ಕಡಿ ಹಾಯಂಗಿಲ್ರಿ. ದನಿ ಮಾತ್ರ ಸ್ವಲ್ಪ ಮಂದ."

"ನಂದೂ ಮಂದ ಆಗ್ಯದ, ನಡೀತದ. ಹತ್ತ್ ವರ್ಷದಾಗ ಕೆಟ್ಟರ ನಾ ಯಾರಿಗಿ ಕೇಳಲಿ?"

"ನನಗ ಕೇಳ್ರಿ. ನಾ ಇಲ್ಲೇ ಇರ್ತೇನಿ. ನೀವು ಬರ್ರಿ ಅಷ್ಟ."

ಹೈದರಾಬಾದದಿಂದ ತರಿಸಲು ನಾಲ್ಕು ದಿನ ಬೇಕೆಂದಳು. ಐದನೆಯ ದಿನ ಪೊಟ್ಟಣ ಕೈಗಿಡುತ್ತ ಮತ್ತೊಂದು ಮಾತು ಸೇರಿಸಿದಳು. "ಹಾಕೂವಾಗ ತುದಿ ಮೊದಲ ಮಡಚ್ರಿ, ಆಮ್ಯಾಲ ಕತ್ತರಿಸ್ರಿ. ಮಡಚದ ಕತ್ತರಿಸಿದ್ರ ಸುತ್ತು ಸಡಿಲಾಗಿ ತಂತಿ ಸಾಯ್ತದ."

ನಾನು ಗೋಣು ಹಾಕಿ ಹೊರಗೆ ಬಂದೆ. ಆಟೋದವನೊಬ್ಬ ಎಲ್ಲಿಗೆ ಹೋಗಬೇಕೆಂದು ಕೇಳಿದ. ಬೇಡವೆಂದು ಕೈಯಾಡಿಸಿ ನಡೆದೇ ಹೊರಟೆ. ಅಂಗಡಿಯ ಹುಡುಗಿ ಹೇಳಿದ ಮಾತನ್ನೇ ಅದೇ ಕ್ರಮದಲ್ಲಿ ಮೂವತ್ತು ವರ್ಷಕ್ಕೂ ಹಿಂದೆ ನನಗೆ ಒಬ್ಬ ಹೇಳಿದ್ದ. ಅವನ ಹೆಸರು ವೈಜಿನಾಥ. ಖಟಕ ಚಿಂಚೋಳಿಯವನು.

ನಾವಿಬ್ಬರೂ ಬೀದರದ ಒಂದು ಆರ್ಕೆಸ್ಟ್ರಾದಲ್ಲಿದ್ದೆವು. ನಾನು ಸಂತಪುರದಿಂದ ಬಂದು ಒಂದು ಕಚೇರಿಯಲ್ಲಿ ಜವಾನನಾಗಿದ್ದೆ. ರಜೆ ದಿನ ಸಾಮಾನ್ಯ ಗಿಟಾರು ಹಿಡಿದು, ಕಲಿತಿದ್ದ ಮೂರು ಪಟ್ಟು, ಅಂದರೆ ಮೂರು ಕಾರ್ಡು, ಬಾರಿಸುತ್ತಿದ್ದೆ. ನಾಲ್ಕನೆಯದು ಬಂದರೆ ಕೈ ಎತ್ತಿ ಹಾಡುವವಳನ್ನು ಮೆಚ್ಚಿದಂತೆ ನಟಿಸುತ್ತಿದ್ದೆ. ವೈಜಿನಾಥ ಬೇಸ್ ಬಾರಿಸುತ್ತಿದ್ದ. ಗಿಟಾರು ಆರ್ಕೆಸ್ಟ್ರಾದ್ದು, ಕೈ ಮಾತ್ರ ಅವನದು. ಅವನು ಬಾರಿಸುವಾಗ ಹಲಗೆಯ ವೇದಿಕೆ ನನ್ನ ಅಂಗಾಲಿನ ಕೆಳಗೆ ಉಸಿರಾಡುತ್ತಿತ್ತು. ನನಗೆ ಅವನ ಮೇಲೆ ಪ್ರೀತಿಯೂ ಇತ್ತು, ಆ ಬೇಸಿನ ಮೇಲೆ ಕಣ್ಣೂ ಇತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದೆಂದು ಆಗ ತಿಳಿದಿದ್ದೆ.

ಆಗ ಹೊಸ ತಂತಿ ಎಂದರೆ ಹಬ್ಬದ ಬಟ್ಟೆ ಇದ್ದಂತೆ. ಹಳೆಯವು ಮಂಕಾದರೆ ಬಿಚ್ಚಿ, ನನ್ನ ಕೋಣೆಯ ಪಾತೇಲಿಯಲ್ಲಿ ನೀರು ಹಾಕಿ ಕುದಿಸುತ್ತಿದ್ದೆವು. ಸಂದಿಯ ಕೊಳೆ ಬಿಟ್ಟು ಎರಡು ವಾರ ಮತ್ತೆ ದನಿ ಬರುತ್ತಿತ್ತು. ಪಾತೇಲಿ ಒಂದೇ ಇತ್ತಾದ್ದರಿಂದ ಅದನ್ನೇ ತೊಳೆದು ಚಹಾ ಇಡುತ್ತಿದ್ದೆ. "ಇದು ತಂತಿ ಚಹಾ ನೋಡು ದೋಸ್ತ, ಕುಡದ್ರ ಹೊಟ್ಟಿ ಶ್ರುತಿಗಿ ಕೂಡ್ತದ" ಎಂದು ವೈಜಿನಾಥ ಎರಡು ಲೋಟ ಕುಡಿಯುತ್ತಿದ್ದ. ಆ ಕೋಣೆಗೆ ಬಂದು ಚಹಾ ಕುಡಿದವರು ಅವನಷ್ಟು ಇನ್ನಾರೂ ಇಲ್ಲ. ನಾನು ಮದುವೆಯಾಗಲಿಲ್ಲ. ಅದರ ಕಾರಣಗಳು ಬೇರೆ, ಇಲ್ಲಿಗೆ ಬೇಡ.

ಒಮ್ಮೆ ಅವನು ಹೈದರಾಬಾದಿಗೆ ಹೋದಾಗ ಮಾಸ್ತರರು ಹೊಸ ತಂತಿ ತರಲು ಹೇಳಿದರು. ಮಾಸ್ತರ್ ಎಂದರೆ ಆರ್ಕೆಸ್ಟ್ರಾದ ಮಾಲೀಕರು, ಹಾರ್ಮೋನಿಯಂ ನುಡಿಸುವವರು. ವೈಜಿನಾಥ ಒಂದು ದಿನವೆಲ್ಲ ಅಂಗಡಿ ಅಂಗಡಿ ಅಲೆದು, ಉಗುರಿನಿಂದ ಕೆರೆದು ನೋಡಿ, ಐದು ವರ್ಷ ಬಾಳುವಂಥದ್ದನ್ನು ಆರಿಸಿ ತಂದ. ಮರುದಿನ ಔರಾದದಲ್ಲಿ ಮದುವೆ, ಮಧ್ಯಾಹ್ನದ ಕಾರ್ಯಕ್ರಮ. ಪೆಂಡಾಲಿನ ಹಿಂದೆ ಕೂತು ಮೂರು ತಂತಿ ಹಾಕಿದ. ಅಷ್ಟರಲ್ಲಿ ಆ ಊರಿಗೆ ಕೊಟ್ಟಿದ್ದ ಅವನ ಅಕ್ಕ ನೋಡಲು ಬಂದಳು.

"ದಪ್ಪಂದು ನೀ ಹಾಕು. ಅಕ್ಕಗ ಮಾತಾಡ್ಸಿ ಬರ್ತೇನಿ. ಮೊದಲ ಮಡಚು, ಆಮ್ಯಾಲ ಕತ್ತರಿಸು. ಹೌದಿಲ್ಲೊ?"

"ಹೋಗೋ ಮಾರಾಯಾ, ಗೊತ್ತದ."

ಗೊತ್ತಿತ್ತು. ಆದರೆ ಒಳಗೆ ಹುಗ್ಗಿ ಬಡಿಸಲು ಶುರುವಾಗಿತ್ತು, ನನಗೆ ಹಸಿವು. ಮಡಚಲಿಲ್ಲ. ಇಕ್ಕಳದಿಂದ ಕಚಕ್ಕನೆ ಕತ್ತರಿಸಿದೆ. ತುದಿಯಲ್ಲಿ ಸುತ್ತು ಕೂದಲಿನಂತೆ ಬಿಚ್ಚಿಕೊಂಡಿತು. ಅದನ್ನು ತಂತಿ ಬಿಗಿಯುವ ಗೂಟದ ತೂತಿನೊಳಗೆ ತುರುಕಿ, ಬಿಗಿದು, ಊಟಕ್ಕೆ ಹೋದೆ.

ಕಾರ್ಯಕ್ರಮದಲ್ಲಿ ಆ ತಂತಿ ದನಿ ಕೊಡಲಿಲ್ಲ. ಗೋಣಿಚೀಲಕ್ಕೆ ಗುದ್ದಿದ ಹಾಗೆ ದಪ್ ದಪ್ ಎನ್ನುತ್ತಿತ್ತು. ವೈಜಿನಾಥ ಹಾಡು ಹಾಡಿಗೂ ಶ್ರುತಿ ಮಾಡಿದ, ಅದು ಜಾರಿತು. ಮದುಮಗನ ಕಡೆಯವರು ನಕ್ಕರು, ಒಬ್ಬ ಹಿರಿಯರು ಸಾಕು ಮಾಡಿ ಎಂದರು. ಪೆಂಡಾಲಿನ ಹಿಂದೆ ಮಾಸ್ತರರು ವೈಜಿನಾಥನಿಗೆ ಏನೂ ಕೇಳದೆ ನನ್ನ ಕಡೆ ತಿರುಗಿದರು.

"ಏನಾಗ್ಯದೋ ಇದಕ್ಕ?"

ನಾನು ಆ ತಂತಿಯ ಮೇಲೆ ಒಮ್ಮೆ ಬೆರಳಾಡಿಸಿದೆ. ಆಮೇಲೆ ಹೇಳಿದೆ. "ಮಾಲೇ ಡೂಪ್ಲಿಕೇಟ್ ಅದರಿ ಮಾಸ್ತರ್."

ಮಡಚದೆ ಕತ್ತರಿಸಿದ್ದು ನನ್ನ ಅವಸರ. ಈ ಮಾತು ಅವಸರದ್ದಲ್ಲ. ನನ್ನ ಮಾತು ನಂಬುತ್ತಾರೆ, ಅವನದನ್ನು ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಮನೆ ಊರ ನಡುವೆ, ಅವನದು ಊರ ಹೊರಗಿನ ಓಣಿಯಲ್ಲಿ. ಮಾಸ್ತರರಿಗೆ ಅಷ್ಟು ಸಾಕಾಗಿತ್ತು. ನನಗೆ ಅದು ಅನುಕೂಲವಾಗಿತ್ತು. "ನಂಬಿ ರೊಕ್ಕ ಕೊಟ್ಟು ಕಳಸಿದ್ರ ಹಿಂಗ ಮಾಡ್ತಿ?" ಎಂದು ಅವರು ವೈಜಿನಾಥನಿಗೆ ಎಲ್ಲರ ಮುಂದೆ ಅಂದರು. ವೈಜಿನಾಥ ನನ್ನನ್ನು ನೋಡಿದ. ಗಿಟಾರನ್ನು ಎತ್ತಿಕೊಂಡು ಪೆಂಡಾಲಿನ ಬದಿಗೆ ಹೋದ.

ವಾಪಸ್ ಬರುವಾಗ ಜೀಪಿನಲ್ಲಿ ಅವನು ನನ್ನ ಪಕ್ಕವೇ ಕೂತ. ಬೀದರದವರೆಗೆ ಆ ಭುಜಕ್ಕೆ ಭುಜ ತಾಗಿಸಿಕೊಂಡು ಕೂರುವ ಧೈರ್ಯ ನನಗಿರಲಿಲ್ಲ. ಸಂತಪುರ ಬಂದಾಗ ಅವ್ವನನ್ನು ನೋಡಿ ಬರುತ್ತೇನೆಂದು ಇಳಿದುಬಿಟ್ಟೆ. ಅವ್ವ ಆ ವಾರ ಊರಲ್ಲೇ ಇರಲಿಲ್ಲ.

ಮರುದಿನದಿಂದ ವೈಜಿನಾಥ ಬರಲಿಲ್ಲ. ಬೇಸ್ ನನ್ನ ಕೈಗೆ ಬಂತು. ಹನ್ನೊಂದು ವರ್ಷ ಬಾರಿಸಿದೆ. ನನ್ನ ಅಂಗಾಲಿನ ಕೆಳಗೆ ವೇದಿಕೆ ಒಂದು ದಿನವೂ ಉಸಿರಾಡಲಿಲ್ಲ. ಆಮೇಲೆ ಡಿಜೆ ಬಂದು ಆರ್ಕೆಸ್ಟ್ರಾ ಮುಚ್ಚಿತು. ಮಾಸ್ತರರು, ಇದು ನಿನಗೇ ಇರಲಿ ಎಂದು ಗಿಟಾರನ್ನು ಕೊಟ್ಟರು. ಮೊಳೆ ಹೊಡೆದು ತೂಗುಹಾಕಿದೆ. ಅಷ್ಟು ವರ್ಷ ಮಲಗುವಾಗಲೂ ಏಳುವಾಗಲೂ ಅದರ ಎದುರಿಗೇ ಇದ್ದೆ. ಖಟಕ ಚಿಂಚೋಳಿಗೆ ಬಸ್ಸುಗಳೇನು ಕಡಿಮೆಯಿರಲಿಲ್ಲ.

ತಂತಿ ಕೊಂಡ ಮರುದಿನ ಹೊರಟೆ. ಮೂರು ತಂತಿ ಮನೆಯಲ್ಲೇ ಹಾಕಿದ್ದೆ. ನಾಲ್ಕನೆಯದನ್ನು ಕತ್ತರಿಸಲು ಕೈ ಬರಲಿಲ್ಲ, ಅದನ್ನೂ ಇಕ್ಕಳವನ್ನೂ ಚೀಲಕ್ಕೆ ಹಾಕಿಕೊಂಡೆ. ಭಾಲ್ಕಿಯಲ್ಲಿ ಬಸ್ಸು ಬದಲಿಸುವಾಗ ವಾಪಸ್ ಹೋಗೋಣವೇ ಎನ್ನಿಸಿತು. ಬೀದರದ ಬಸ್ಸೊಂದು ಎದುರಿಗೇ ನಿಂತಿತ್ತು. ಕಂಡಕ್ಟರ್ ನನ್ನ ಹೆಗಲಿನ ಗಿಟಾರು ನೋಡಿ, "ಯಜಮಾನ್ರ, ಎಲ್ಲಿ ಪ್ರೋಗ್ರಾಮ್ರಿ?" ಎಂದು ಕೇಳಿದ. ಖಟಕ ಚಿಂಚೋಳಿ ಎಂದುಬಿಟ್ಟೆ. ಹೇಳಿದ ಮೇಲೆ ಹೋಗಲೇಬೇಕಾಯಿತು.

ವೈಜಿನಾಥನ ಮನೆ ಈಗ ಸ್ಲ್ಯಾಬಿನದು. ಮಗಳು ಟೀಚರ್, ಮಗ ಭಾಲ್ಕಿಯಲ್ಲಿ ನೌಕರಿ. ಅಂಗಳದ ಮಂಚದ ಮೇಲೆ ಕೂತಿದ್ದ. ನನ್ನ ಮುಖಕ್ಕಿಂತ ಮೊದಲು ಹೆಗಲ ಮೇಲಿನದನ್ನು ಗುರುತಿಸಿದ.

"ಅದನ್ನ ಇನ್ನಾ ಇಟ್ಟೀದಿ?"

ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ನಿಂತೇ ಹೇಳಿದೆ. ಅವತ್ತು ಮಡಚದೆ ಕತ್ತರಿಸಿದ್ದು, ತುದಿ ಮುಚ್ಚಿಟ್ಟದ್ದು, ಮಾಸ್ತರರಿಗೆ ಸುಳ್ಳು ಹೇಳಿದ್ದು, ಬೇಸಿನ ಮೇಲೆ ಆಸೆಯಿದ್ದದ್ದು. ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತುಗಳು ನಾಲ್ಕೇ ವಾಕ್ಯದಲ್ಲಿ ಮುಗಿದುಹೋದವು.

"ನನಗ ಅವತ್ತೇ ಗೊತ್ತಿತ್ತು" ಎಂದ. "ಜೀಪ್ ಬರೂಕಿಂತ ಮೊದಲ ಗೂಟ ಸಡಿಲ ಮಾಡಿ ತುದಿ ನೋಡಿದ್ನಿ."

"ಮತ್ತ ಯಾಕ ಹೇಳಲಿಲ್ಲೋ?"

"ನಾ ಹೇಳಿದ್ರ ಯಾರು ಕೇಳ್ತಿದ್ರು? ನೀ ಹೇಳಬೇಕಿತ್ತು. ಜೀಪಿನಾಗ ನಿನ್ನ ಬಾಜೂಕ ಯಾಕ ಕೂತಿದ್ನಿ ಅಂತಿ? ಈಗ ಹೇಳ್ತಾನ, ಈಗ ಹೇಳ್ತಾನ ಅಂತ ಕೂತಿದ್ನಿ. ನೀ ಸಂತಪುರದಾಗ ಇಳದಿ. ಅವತ್ತ ಹೇಳಿದ್ರ ಒಂದು ಚಹಾದಾಗ ಮುಗೀತಿತ್ತು ದೋಸ್ತ."

ಅಷ್ಟರಲ್ಲಿ ಅವನ ಹೆಂಡತಿ ಒಂದೇ ಲೋಟ ಚಹಾ ತಂದು ನನ್ನ ಮುಂದಿಟ್ಟರು. ಅವನಿಗೆ ಯಾಕೆ ಇಲ್ಲವೆಂದು ನಾನು ನೋಡಿದೆ. "ನಾ ಚಹಾ ಬಿಟ್ಟು ಭಾಳ ದಿನ ಆತು. ಸಕ್ರಿ ಬ್ಯಾನಿ. ನೀ ಕುಡಿ" ಎಂದ. ನಾನೊಬ್ಬನೇ ಕುಡಿದೆ.

ಆಮೇಲೆ ಅವನು ಗಿಟಾರನ್ನು ತೊಡೆಯ ಮೇಲೆಳೆದುಕೊಂಡು ತಂತಿಗಳ ಮೇಲೆ ಹೆಬ್ಬೆರಳು ಆಡಿಸಿದ. "ಚಪ್ಪಟಿ ಸುತ್ತು. ಛಲೋ ಆರಿಸೀದಿ. ಇನ್ನೊಂದ್ ಎಲ್ಲಿ?" ನಾನು ಚೀಲದಿಂದ ಪೊಟ್ಟಣವನ್ನೂ ಇಕ್ಕಳವನ್ನೂ ತೆಗೆದು ಕೊಟ್ಟೆ. ತಂತಿಯನ್ನು ಗೂಟದವರೆಗೆ ಎಳೆದು ಅಳತೆ ನೋಡಿದ. ಇಕ್ಕಳವನ್ನು ನನ್ನ ಕಡೆ ಚಾಚಿದ.

"ನೀನೇ ಮಾಡು. ನಾ ನೋಡ್ತೇನಿ."

ಮಡಚಿದೆ. ಬೆರಳಿನಿಂದ ಒತ್ತಿ ಇನ್ನೊಮ್ಮೆ ಮಡಚಿದೆ. ಅವನ ಮುಖ ನೋಡಿದೆ. ಗೋಣು ಹಾಕಿದ. ಕತ್ತರಿಸಿದೆ. ಸುತ್ತು ಅಲುಗಲಿಲ್ಲ.

ಅವನು ನಿಧಾನಕ್ಕೆ ಶ್ರುತಿ ಮಾಡಿಕೊಂಡ. ಸ್ಪೀಕರ್ ಇರಲಿಲ್ಲ. ತಲೆ ಬಾಗಿಸಿ ಕಿವಿಯನ್ನು ಕಟ್ಟಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ದಪ್ಪ ತಂತಿಯನ್ನು ಒಮ್ಮೆ ಮೀಟಿದ. ತಂತಿ ಅಲುಗಿದ್ದು ಕಂಡಿತು. ಎರಡು ಮೊಳ ದೂರದಲ್ಲಿದ್ದ ನನಗೆ ಏನೂ ಕೇಳಲಿಲ್ಲ.

"ಹ್ಯಾಂಗದ?" ಎಂದೆ.

"ದನಿ ಅದ" ಎಂದ. ಕಣ್ಣು ತೆರೆಯಲಿಲ್ಲ. "ನಿನ್ನ ಬಸ್ಸಿನ ಹೊತ್ತಾತು ನೋಡು."

ಕ್ಷಮಿಸಿದನೇ ಎಂದು ನೀವು ಕೇಳಬಹುದು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಗಿಟಾರನ್ನು ಮಾತ್ರ ಇಟ್ಟುಕೊಂಡ.

ಈಗ ನನ್ನ ಗೋಡೆ ಬೆಳ್ಳಗಿದೆ, ನಡುವೆ ಖಾಲಿ ಮೊಳೆ. ಮನೆ ಮಾಲೀಕರು ಅದಕ್ಕೊಂದು ಕ್ಯಾಲೆಂಡರ್ ಕೊಟ್ಟು ಹೋದರು, ನಾನು ಹಾಕಿಲ್ಲ. ಕತ್ತರಿಸಿದ ತಂತಿಯ ತುಂಡು ಹೇಗೋ ನನ್ನ ಅಂಗಿಯ ಜೇಬಿನಲ್ಲಿ ಬಂದುಬಿಟ್ಟಿದೆ, ಬೆರಳುದ್ದದ್ದು. ಮಡಿಕೆ ಇರುವ ತುದಿ ಅವನ ಹತ್ತಿರ ಉಳಿಯಿತು. ಇದರ ತುದಿಗೆ ಮಡಿಕೆ ಇಲ್ಲ, ಸುತ್ತು ದಿನಕ್ಕಿಷ್ಟು ಬಿಚ್ಚಿಕೊಳ್ಳುತ್ತಿದೆ. ಬರೆಯುವಾಗ ಅದನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದೇನೆ. ಮೂಸಿ ನೋಡಿದೆ. ಇನ್ನೂ ತುಕ್ಕಿನ ವಾಸನೆ ಹತ್ತಿಲ್ಲ.