ಕಣಕಟ್ಟೆಯ ಲಾರಿ

ಆಗೆಲ್ಲ ಬೇಸಿಗೆ ರಜೆ ಅಂದರೆ ನಮ್ಮ ಕೇರಿಯ ಮಕ್ಕಳಿಗೆ ಕುಂಟೆಬಿಲ್ಲೆ, ಹುಣಸೆಹಣ್ಣಿಗೆ ಉಪ್ಪು ಖಾರ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಚೀಪುವುದು, ಅಷ್ಟೇ. ಐದನೇ ಕ್ಲಾಸು ಮುಗಿದ ಬೇಸಿಗೆ ಮಾತ್ರ ನಾನು ಯಾವ ಆಟಕ್ಕೂ ಹೋಗಲಿಲ್ಲ. ಅಪ್ಪನ ಜೊತೆ ಲಾರಿ ಇಂಜಿನ್ ಬಿಚ್ಚಲು ಹೋದೆ.

ಅಪ್ಪ ಬಾಣಾವರದ ಒಂದು ಗ್ಯಾರೇಜಿನಲ್ಲಿ ಕೂಲಿಗಿದ್ದ. ಲಾರಿ ಓಡಿಸುವ ಲೈಸೆನ್ಸ್ ಮಾಡಿಸಿ ಟ್ರಂಕಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತಿದ್ದ. ಕಣಕಟ್ಟೆಯ ತೆಂಗಿನ ತೋಟದ ಯಜಮಾನರೊಬ್ಬರ ಹಳೇ ಲಾರಿ, ಇಂಜಿನ್ ಜಾಮ್ ಆಗಿ ಕೊಟ್ಟಿಗೆ ಪಕ್ಕ ನಿಂತಿತ್ತು. ದುಡ್ಡು ಬಿಚ್ಚಲು ಅವರಿಗೆ ಮನಸ್ಸಿರಲಿಲ್ಲ.

"ಏನ್ಲಾ ಹನುಮಂತ, ಕಮ್ಮೀಲಿ ಎಬ್ಬಿಸ್ತೀಯೇನ್ಲಾ ಇದನ್ನ?"

"ಎಬ್ಬಿಸ್ತೀನಿ ಬುದ್ಧಿ. ಕೂಲಿ ಬ್ಯಾಡ. ಓಡಕ್ಕೆ ಸುರುವಾದ್ ಮ್ಯಾಕೆ ನನ್ನೇ ಡ್ರೈವರ್ ಮಾಡ್ಕಳಿ."

"ಆಯ್ತು ಬಿಡು. ಮಾತಂದ್ರೆ ಮಾತು."

ಹೊಸ ಸಾಮಾನು ತರುವ ಮಾತೇ ಇರಲಿಲ್ಲ. ಅರಸೀಕೆರೆಯ ಗುಜರಿ ಅಂಗಡಿಗಳಲ್ಲಿ ಅಪ್ಪ ದಿನಗಟ್ಟಲೆ ಹುಡುಕಿ, ಬೇರೆ ಲಾರಿಗಳಲ್ಲಿ ಓಡಿದ ಪಿಸ್ಟನ್‌ಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದ. ಬಿಚ್ಚಿದ ಬೋಲ್ಟುಗಳನ್ನೆಲ್ಲ ನಾನು ಸೀಮೆಎಣ್ಣೆಯಲ್ಲಿ ತೊಳೆದೆ. ವಾಲ್ವ್ ಉಜ್ಜುವ ಕೆಲಸವೂ ನನ್ನದೇ. ಮರಳಿನಂಥ ಪೇಸ್ಟ್ ಹಚ್ಚಿ, ವಾಲ್ವಿಗೆ ಅಂಟಿಸಿದ ಕೋಲನ್ನು ಎರಡೂ ಅಂಗೈ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಬೇಕು. ಅಂಗೈಯಲ್ಲಿ ಬೊಬ್ಬೆ ಬಂತು. ಉಜ್ಜಿದ ಮೇಲೆ ವಾಲ್ವ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಅಪ್ಪ ಅದರ ಮೇಲೆ ಸೀಮೆಎಣ್ಣೆ ಸುರಿದು ಕಾದ. ಒಂದು ತೊಟ್ಟೂ ಸೋರಲಿಲ್ಲ.

"ನನ್ ಮಗಳ ಕೈಲಿ ಕಸಬು ಐತೆ ಕಣೇ," ಎಂದು ಅವ್ವನ ಮುಂದೆ ಹೇಳಿದ. ತಿನ್ನುವ ಮುದ್ದೆಯೂ ಸೀಮೆಎಣ್ಣೆ ನಾರುತ್ತಿತ್ತು. ನನಗದು ಹೆಮ್ಮೆ.

ಶಾಲೆ ಶುರುವಾಗುವ ವಾರ ಇಂಜಿನ್ ಎದ್ದಿತು. ಕಪ್ಪು ಹೊಗೆ ಕಕ್ಕಿ, ಕೆಮ್ಮಿ, ಆಮೇಲೆ ಒಂದೇ ಸಮ ಓಡತೊಡಗಿತು. ಅಪ್ಪ ನಗುತ್ತ ನನ್ನನ್ನು ಎತ್ತಿ ಬಾನೆಟ್ ಮೇಲೆ ಕೂರಿಸಿದ.

ಮಾರನೇ ದಿನ ಪೂಜೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲೈಸೆನ್ಸನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಯಜಮಾನರ ಹೆಂಡತಿ ಬಾನೆಟ್ಟಿಗೆ, ಸೀಟಿಗೆ ಅರಿಶಿನದ ನೀರು ಚಿಮುಕಿಸಿದರು. ಅದು ಪೂಜೆಯ ಶಾಸ್ತ್ರವೆಂದುಕೊಂಡೆ. ನಾವು ಮುಟ್ಟಿದ್ದಕ್ಕೆಂದು ತಿಳಿಯಲು ನನಗೆ ಇನ್ನೆರಡು ವರ್ಷ ಬೇಕಾಯಿತು. ಸ್ಟೇರಿಂಗ್ ಹಿಂದೆ ಅವರ ನೆಂಟರ ಹುಡುಗ ಕೂತಿದ್ದ.

"ಬುದ್ಧಿ, ಮಾತಾಗಿತ್ತಲ್ಲ..." ಎಂದ ಅಪ್ಪ.

"ಮದ್ವೆ ದಿಬ್ಬಣಕ್ಕೂ ಹೋಗೋ ಗಾಡಿ ಕಣ್ಲಾ. ನಿಮ್ಮೋರು ಓಡಿಸುದ್ರೆ ಯಾರ್ ಹತ್ತಾರು? ತಗೋ," ಎಂದು ಯಜಮಾನರು ಒಂದು ಟವಲ್ಲನ್ನು ಅವನ ಕೈ ತಾಗದಂತೆ ಮೇಲಿನಿಂದ ಬಿಟ್ಟರು. ಅಪ್ಪ ಹಿಡಿದುಕೊಂಡ.

ಬಸ್ಸಿಗೆ ನಡೆಯುವಾಗ ನಾನು, "ಅಪ್ಪಾ, ವಾಪಸ್ ಹೋಗಿ ನಾನ್ ಉಜ್ಜಿದ್ ವಾಲ್ವೆಲ್ಲ ಕಿತ್ಕಂಡ್ ಬರಣ," ಅಂದೆ. ಅಪ್ಪ ಕೆನ್ನೆಗೆ ಹೊಡೆದ. ಅದುವರೆಗೆ ಒಮ್ಮೆಯೂ ನನ್ನ ಮೇಲೆ ಕೈ ಮಾಡಿದವನಲ್ಲ. ಆಮೇಲೆ ನನ್ನನ್ನು ಯಾವ ಇಂಜಿನ್ ಹತ್ತಿರವೂ ಬಿಡಲಿಲ್ಲ. "ಓದು" ಎಂದಷ್ಟೇ ಹೇಳುತ್ತಿದ್ದ.

ಓದಿದೆ. ಈಗ ಸರ್ಕಾರಿ ಕಚೇರಿಯಲ್ಲಿದ್ದೇನೆ, ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಆದರೆ ಒಬ್ಬರ ಬಾಯಿಮಾತು ನಂಬಿ, ಬೇಸಿಗೆಯಿಡೀ ಗುನುಗುತ್ತ ದುಡಿದ ಆ ಅಪ್ಪ ನನಗೆ ಮತ್ತೆ ಸಿಗಲಿಲ್ಲ. ಕೆಲಸ ಸಿಕ್ಕಿತೆಂದು ನಾನು ಓಡಿಬಂದು ಹೇಳಿದ ದಿನವೂ ಅವನು ನಗಲಿಲ್ಲ. ಆದೇಶದ ಕಾಗದವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ:

"ಸೀಲು ಹಾಕವ್ರೇನವ್ವಾ?"