ಹೆಸರಿಲ್ಲದ ಗಂಟು

ಹಳೆಯ ಧೋತರದ ತುಂಡಿನಲ್ಲಿ ಕಟ್ಟಿಟ್ಟ ಖಡಕ್ ರೊಟ್ಟಿ, ಅದರ ನಡುವೆ ಎಣ್ಣೆ ಬಿಡುತ್ತಿರುವ ಶೇಂಗಾ ಹಿಂಡಿ. ಈ ವಾಸನೆ ಬಂದರೆ ನಮ್ಮ ಕಡೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಕುತ್ತಿಗೆ ತಣ್ಣಗಾಗುತ್ತದೆ. ಮೊನ್ನೆ ಕಲಬುರಗಿ ಸ್ಟೇಷನ್ನಿನಲ್ಲಿ ಪಕ್ಕದ ಹೆಣ್ಣುಮಗಳೊಬ್ಬಳು ಬುತ್ತಿ ಬಿಚ್ಚಿ, ಗುರುತು ಪರಿಚಯ ಇಲ್ಲದ ನನಗೂ ಒಂದು ರೊಟ್ಟಿ ಚಾಚಿದಳು. ತೆಗೆದುಕೊಂಡೆ. ಆದರೆ ಅದಕ್ಕೂ ಮೊದಲು ವೇಟಿಂಗ್ ರೂಮಿನ ಬಾಗಿಲಿನ ಕಡೆ ಒಮ್ಮೆ ನೋಡಿದೆ.

ಆಗ ನಾನು ನಾಲ್ಕನೆಯ ತರಗತಿ. ಅಫಜಲಪುರ ತಾಲೂಕಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಚಹಾದ ಕ್ಯಾಂಟೀನು ಇಟ್ಟಿದ್ದ. ಅದರ ಬೆನ್ನಿಗೇ ನಮ್ಮ ಮನೆ. ಗಾಡಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಗೂಡಿನಲ್ಲಿದ್ದ ಹಿತ್ತಾಳೆಯ ಲೋಟಗಳು ಒಂದಕ್ಕೊಂದು ತಾಗಿ ಸುದ್ದಿ ಹೇಳುತ್ತಿದ್ದವು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಬುತ್ತಿ ಕಳಿಸುವ ಕೆಲಸ ಆಯಿಯದು. ಮಣ್ಣೂರಿನಿಂದ, ಕಿಣ್ಣಿ ಸುಲ್ತಾನದಿಂದ, ಎಲ್ಲೆಲ್ಲಿಂದಲೋ ತಾಯಂದಿರು ಕಲಬುರಗಿಯ ಹಾಸ್ಟೆಲುಗಳಲ್ಲಿ ಓದುವ ಮಕ್ಕಳಿಗೆ ಕಟ್ಟಿದ ಗಂಟುಗಳು ವೇಟಿಂಗ್ ರೂಮಿನ ಕಲ್ಲು ಬೆಂಚಿನ ಮೇಲೆ ಬಂದು ಕೂರುತ್ತಿದ್ದವು. ಆಯಿ ಅವನ್ನು ಮಧ್ಯಾಹ್ನದ ಪ್ಯಾಸೆಂಜರಿನ ಗಾರ್ಡ್ ಡಬ್ಬಿಗೆ ಏರಿಸಿದರೆ ಆ ತುದಿಯಲ್ಲಿ ಹುಡುಗರು ಹೆಸರಿನ ಚೀಟಿ ನೋಡಿ ಇಳಿಸಿಕೊಳ್ಳುತ್ತಿದ್ದರು. ಚೀಟಿಯಿಲ್ಲದ ಗಂಟಿಗೂ ಒಂದು ಪದ್ಧತಿಯಿತ್ತು. ಅದು ಮನೆಯಿಂದ ಬುತ್ತಿ ಬರದ ಹುಡುಗನ ಪಾಲು. ಯಾರು ಇಟ್ಟರೆಂದು ಕೇಳುವಂತಿರಲಿಲ್ಲ. ಕೇಳಿದರೆ ಇಟ್ಟವರ ಪುಣ್ಯ ಸೋರಿಹೋಗುತ್ತದೆ ಎಂದು ಆಯಿ ನಂಬಿದ್ದಳು.

ಆ ಮನುಷ್ಯ ಬಂದದ್ದು ಹಳಿಗಳೇ ಬೆವರುವಂಥ ಒಂದು ಮಾರ್ಚ್ ಮಧ್ಯಾಹ್ನ. ಕರಿ ಕೋಟು, ಕರಿ ಕನ್ನಡಕ, ಕೈಯಲ್ಲಿ ಒಂದು ಬಿಳಿ ಬಟ್ಟೆಯ ಗಂಟು. ಕಿಟಕಿಯ ಮರದ ಪಟ್ಟಿಗಳ ಸಂದಿಯಿಂದ ಬಿಸಿಲು ಅವನ ಮುಖದ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು. ಬೀಡಿಯ ಹೊಗೆ ಆ ಗೆರೆಗಳನ್ನು ಮೆಟ್ಟಿಲಿನಂತೆ ಹತ್ತುತ್ತಿತ್ತು. ಮುಂದೆ ಕಾಲೇಜಿನಲ್ಲಿ ಕಪ್ಪುಬಿಳುಪಿನ ಪತ್ತೇದಾರಿ ಸಿನಿಮಾಗಳನ್ನು ತೋರಿಸಿದಾಗ ಗೆಳತಿಯರು ಬೆರಗಾಗಿ ನೋಡುತ್ತಿದ್ದರೆ, ನಾನು ಮಾತ್ರ ಇದನ್ನೆಲ್ಲ ಬಣ್ಣದಲ್ಲೇ ನೋಡಿದವಳಂತೆ ಕೂತಿರುತ್ತಿದ್ದೆ. ನಮ್ಮ ಸ್ಟೇಷನ್ನಿನ ಹಮಾಲಿ ಖಾಸೀಮ್ ಚಾಚಾ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಒಂದಾ ಇವಗ ಚಳಿಜ್ವರ, ಇಲ್ಲಾ ಒಳಗ ಅಂಗಿ ಹರದದ," ಎಂದು ಮುತ್ಯಾನ ಕಿವಿಯಲ್ಲಿ ಹೇಳಿದ.

ಅಷ್ಟರಲ್ಲಿ ಅದೇ ಗಾಡಿಗೆ ಹೋಗುವ ಇಬ್ಬರು ಪೊಲೀಸರು ಚಹಾ ಕುಡಿಯಲು ಬಂದರು. ಕರಿ ಕೋಟಿನವನು ತನ್ನ ಗಂಟನ್ನು ಬುತ್ತಿಗಳ ನಡುವೆ ಮೆಲ್ಲಗೆ ಸೇರಿಸಿ, ನೀರಿನ ಟಾಕಿಯ ಹಿಂದೆ ಮರೆಯಾದ. ಒಳ್ಳೆಯ ಉಪಾಯವೇ, ಆದರೆ ನಮ್ಮ ಆಯಿಯ ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ಗಾಡಿ ಬಂತು, ಪೊಲೀಸರು ಹತ್ತಿದರು. ಚೀಟಿಯಿಲ್ಲದ ಗಂಟನ್ನು ಎತ್ತಿ ಅದರ ಭಾರ ನೋಡಿದ ಆಯಿಯ ಮುಖ ಅರಳಿತು. ಯಾವ ಪುಣ್ಯಾತ್ಗಿತ್ತಿಯೋ ಶೇಂಗಾ ಉಂಡಿಯನ್ನೂ ಕಟ್ಟಿದ್ದಾಳೆ ಎಂದು ಹರಸುತ್ತ, ಎಲ್ಲಕ್ಕಿಂತ ಮೊದಲು ಅದನ್ನೇ ಏರಿಸಿದಳು.

ಗಾಡಿ ಹೋದ ಮೇಲೆ ಅವನು ಬಂದ. ಖಾಲಿ ಬೆಂಚು ನೋಡಿದ. ಅದನ್ನು ಒರೆಸುತ್ತಿದ್ದ ಮುತ್ಯಾನನ್ನು ಹಿಡಿದು ಕೂರಿಸಿ, ಕೋಟಿನೊಳಗಿಂದ ಚಾಕು ತೆಗೆದು ಕುತ್ತಿಗೆಗೆ ಇಟ್ಟ. ಅವನನ್ನು ಬಿಟ್ಟರೆ ಒಳಗೆ ಮುತ್ಯಾ, ಆಯಿ, ನಾನು, ಮೂವರೇ. ಮುತ್ಯಾನ ಕೊರಳಲ್ಲಿ ಶಿವದಾರ, ಅದರ ತುದಿಗೆ ಇಷ್ಟಲಿಂಗವಿಟ್ಟ ಪುಟ್ಟ ಬೆಳ್ಳಿ ಕರಡಿಗೆ. ಚಾಕುವಿನ ಬಾಯಿ ಆ ದಾರದ ಮೇಲೆಯೇ ಕೂತಿತ್ತು. ಗಂಟು ಎಲ್ಲಿ ಎಂದು ಕೇಳಿದ. ಬುತ್ತಿಯಿಲ್ಲದ ಹುಡುಗರಿಗೆ ಹೋಯಿತು ಎಂದು ಆಯಿ ಇದ್ದದ್ದನ್ನೇ ಹೇಳಿದಳು.

"ಅದು ಬುತ್ತಿ ಅಲ್ಲ," ಎಂದ ಅವನು.

"ರೊಟ್ಟಿ ಇದ್ದಿಲ್ಲೇನು ಅದರಾಗ? ಹಂಗಾರ ಆ ಹುಡುಗ ಇವತ್ತ ಏನ್ ತಿನಬೇಕೋ?"

ಚಾಕು ಕಂಡಾಗ ಬಿಳಿಚದ ಆಯಿಯ ಮುಖ ಆಗ ಬಿಳಿಚಿತು.

ಕಿಟಕಿಯಲ್ಲಿ ಇಣುಕಿದ ಖಾಸೀಮ್ ಚಾಚಾನಿಗೆ ಅವನು ಹುಕುಂ ಮಾಡಿದ. ಸ್ಟೇಷನ್ ಮಾಸ್ತರರು ಮುಂದಿನ ಸ್ಟೇಷನ್ನಿಗೆ ಫೋನು ಮಾಡಿ ಗಂಟು ಇಳಿಸಬೇಕು, ಎದುರು ಗಾಡಿಗೆ ವಾಪಸು ತರಿಸಬೇಕು. ಇಲ್ಲವಾದರೆ ಮುದುಕ ಉಳಿಯುವುದಿಲ್ಲ. ಚಾಚಾ ಓಡಿದವನು ಓಡುತ್ತಲೇ ಬಂದು, ಕೈಮುಗಿದು ನಿಂತ.

"ಮಾಸ್ತರ್ ಸಾಹೇಬ್ರು ಗುರುತು ಕೇಳಾಕತ್ತಾರ್ರಿ. ಗಂಟಿನ ಬಣ್ಣ ಯಾವುದ್ರಿ?"

"ಬಿಳೀದು."

"ಎಲ್ಲಾ ಬಿಳೀವೇ ಅದಾವ್ರಿ."

ಕಳ್ಳ ಯೋಚನೆಗೆ ಬಿದ್ದ. ಕೊನೆಗೆ ಆಯಿಯೇ, ಸಡಿಲಾಗಿ ಕಟ್ಟಿದ್ದು, ಗಂಡಸರ ಕೈಗಂಟು ಎಂದು ಹೇಳು ಎಂದು ಚಾಚಾನನ್ನು ಕಳಿಸಿ ಕಳ್ಳನ ಮಾನ ಉಳಿಸಿದಳು.

ಎದುರು ಗಾಡಿಗೆ ಎರಡು ತಾಸು. ಅಷ್ಟು ಹೊತ್ತು ಎದುರಿಗಿದ್ದವರನ್ನು ಹಸಿವಿನಲ್ಲಿ ಕೂರಿಸುವುದು ಆಯಿಗೆ ಗೊತ್ತಿರಲಿಲ್ಲ. ರೊಟ್ಟಿ ತಂದಿಟ್ಟಳು. ಖಡಕ್ ರೊಟ್ಟಿ ಮುರಿಯಲು ಎರಡು ಕೈ ಬೇಕು. ಅವನದೊಂದು ಕೈ ಮುತ್ಯಾನ ಕುತ್ತಿಗೆಯಲ್ಲಿತ್ತು. ಆಯಿಯೇ ಮುರಿಮುರಿದು ಹಿಂಡಿ ಹಚ್ಚಿ ಕೊಟ್ಟಳು. ಅವನು ಅಗಿದಾಗಲೆಲ್ಲ ಚಾಕು ಮುತ್ಯಾನ ಗಂಟಲ ಮೇಲೆ ತಾಳ ಹಾಕುತ್ತಿತ್ತು. "ನನಗೂ ಒಂದು ಚೂರು ಕೊಡ, ಇಂವ ಲಗೂ ಏಳಂಗ ಕಾಣಂಗಿಲ್ಲ," ಎಂದ ಮುತ್ಯಾ. ನಾನು ನಕ್ಕೆ. ಲಂಗ ಒದ್ದೆಯಾಗಿದ್ದದ್ದು ಗೊತ್ತಾದದ್ದು ಆಮೇಲೆ.

ಗಾಡಿ ಬಂತು. ಕಿಟಕಿಯ ಸಂದಿಯಿಂದ ಅವನೂ ನೋಡಿದ, ನಾನೂ ನೋಡಿದೆ. ಅದೇ ಇಬ್ಬರು ಪೊಲೀಸರು ಇಳಿದರು. ಒಬ್ಬನು ಗಂಟನ್ನು ಕೂಸಿನಂತೆ ಕಂಕುಳಲ್ಲಿ ಎತ್ತಿಕೊಂಡಿದ್ದ. ಮಾಸ್ತರರ ಫೋನಿನಿಂದ ವಿಷಯ ತಿಳಿದು, ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬಿಚ್ಚಿ ನೋಡಿಯೇ ತಂದಿದ್ದರು. ಅದರಲ್ಲಿದ್ದದ್ದು ಯಾರದೋ ಮನೆಯ ಬಂಗಾರ. ಕಳ್ಳ ಮುತ್ಯಾನನ್ನು ಎಳೆದು ನಿಲ್ಲಿಸಿದ. ಆಯಿ ಒಂದು ಹೆಜ್ಜೆ ಮುಂದಿಟ್ಟಳು. ಚಾಕು ಸರಿಯಿತು.

ಮೊದಲು ಕೊಯ್ದದ್ದು ದಾರ. ಕರಡಿಗೆ ಎದೆಯಿಂದ ಜಾರಿತು. ಅದು ನೆಲ ಮುಟ್ಟಬಾರದು ಎಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ನಡೆಯಲು ಬರುವ ಮೊದಲೇ ಕಲಿಸುತ್ತಾರೆ. ಅವನಿಗೂ ಯಾರೋ ಕಲಿಸಿದ್ದರು. ಚಾಕು ಬಿಟ್ಟು, ಮೊಣಕಾಲೂರಿ, ಎರಡೂ ಅಂಗೈ ಜೋಡಿಸಿ ಅದನ್ನು ಹಿಡಿದ. ಚಾಕು ಕಲ್ಲಿನ ಮೇಲೆ ಖಣ್ ಎಂದಿತು. ಬೀಳಲಿಲ್ಲವಲ್ಲ ಎಂದು ನಾವೆಲ್ಲರೂ, ಅವನೂ ಸೇರಿ, ನಿಟ್ಟುಸಿರು ಬಿಟ್ಟೆವು; ಚಾಕು ಯಾರ ನೆನಪಿನಲ್ಲೂ ಇರಲಿಲ್ಲ. ಖಾಸೀಮ್ ಚಾಚಾ ಒಬ್ಬನಿಗೆ ಮಾತ್ರ ಎಚ್ಚರವಿತ್ತು. ಒಳಗೆ ಬಂದು ಅದರ ಮೇಲೆ ಕಾಲಿಟ್ಟು ನಿಂತ.

ಮುತ್ಯಾನ ಕುತ್ತಿಗೆಯಲ್ಲಿ ಕೆಂಪನೆಯ ಒಂದು ಗೆರೆ ಮೂಡಿತ್ತು, ಕೂದಲೆಳೆಯಷ್ಟು. ಪೊಲೀಸರು ಕಳ್ಳನ ರಟ್ಟೆ ಹಿಡಿದರೂ ಅವನು ಅಂಗೈ ಬಿಡಿಸಲಿಲ್ಲ. ಆಯಿ ಸೆರಗು ಒಡ್ಡಿದ ಮೇಲೆ ಅದರಲ್ಲಿ ಕರಡಿಗೆಯನ್ನು ಇಟ್ಟ. ಯಾವ ಊರಪ್ಪಾ, ನಿಮ್ಮವ್ವ ಇದ್ದಾಳೇನು ಎಂದು ಆಯಿ ಕೇಳಿದಳು.

ಕೋರ್ಟಿನಲ್ಲಿ ಮುತ್ಯಾ ಸಾಕ್ಷಿ ಹೇಳಿದ್ದು ಎರಡೇ ಮಾತು. "ಕೊಯ್ಯಾಕ ಬಂದಿದ್ದು ಖರೇ ಅದರಿ. ಬೀಳಗೊಡಲಿಲ್ಲ, ಅದೂ ಖರೇ. ಎರಡೂ ಬರ್ಕೋರಿ." ಎರಡನೆಯದು ಕೇಸಿಗೆ ಬೇಕಾಗಿಲ್ಲ ಎಂದು ವಕೀಲರು ಹೇಳಿದರಂತೆ. ಮುತ್ಯಾ ಹಟ ಹಿಡಿದು ಬರೆಸಿಯೇ ಊಟಕ್ಕೆ ಬಂದ.

ಮುತ್ಯಾ ಹೋಗಿ ಬಹಳ ವರ್ಷವಾಯಿತು. ಅವನ ಹಿಂದೆಯೇ ಆಯಿ. ನಮ್ಮ ಅಡುಗೆಮನೆ ಇದ್ದಲ್ಲಿ ಈಗ ಎರಡನೆಯ ಹಳಿ ಹಾದುಹೋಗಿದೆ. ನನ್ನ ಕನಸಿನಲ್ಲಿ ಈಗಲೂ ಒಮ್ಮೊಮ್ಮೆ ಚಾಕು ದಾರವನ್ನು ತಪ್ಪಿಸಿ ಗಂಟಲ ಮೇಲೆಯೇ ಸರಿಯುತ್ತದೆ. ಎದ್ದು ಕುಳಿತು ನೀರು ಕುಡಿಯುತ್ತೇನೆ, ಆಮೇಲೆ ನಡೆದದ್ದನ್ನು ನಡೆದಂತೆಯೇ ಮತ್ತೆ ನೆನೆಯುತ್ತೇನೆ. ಮುತ್ಯಾನ ಮುಖ ವರ್ಷ ವರ್ಷಕ್ಕೆ ಮಸುಕಾಗುತ್ತಿದೆ. ಮೀಸೆ ಎಷ್ಟು ಬೆಳ್ಳಗಿತ್ತು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಅವನನ್ನು ಕೊಲ್ಲಲು ಬಂದವನ ಎರಡು ಅಂಗೈ ಮಾತ್ರ, ಒಂದರ ಪಕ್ಕ ಒಂದು, ಇನ್ನೂ ಸ್ಪಷ್ಟವಾಗಿ ಕಾಣುತ್ತವೆ.