ಪಟ್ಟಿಯಲ್ಲಿ ಉಳಿದ ಒಂದೇ ಹೆಸರು

ಕೆಲಸ ಬಿಡುತ್ತೇನೆ ಎಂದು ಮೇಷ್ಟ್ರು ಮೊದಲ ಸಲ ಹೇಳಿದ್ದು ಹದಿನಾಲ್ಕು ವರ್ಷದ ಹಿಂದೆ. ಆಮೇಲೆ ವರ್ಷಕ್ಕೆರಡು ಸಲ ತಪ್ಪದೆ ಹೇಳುತ್ತ ಬಂದರು. ಅವರ ಹೆಂಡತಿಯೂ ತಪ್ಪದೆ ‘ಹ್ಞೂಂ, ಬಿಡಿ’ ಎಂದು ಪಾತ್ರೆ ತೊಳೆಯುತ್ತ ಬಂದರು. ನಿಜ ಹೇಳಬೇಕೆಂದರೆ, ಬಿಡುತ್ತೇನೆ ಅನ್ನುವ ಮೇಷ್ಟ್ರುಗಳ ಮಾತನ್ನು ಯಾರೂ ನಂಬಬಾರದು. ಸ್ಟಾಫ್ ರೂಮಿನಲ್ಲಿ ಆ ಮಾತಿಲ್ಲದೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಚರಿತ್ರೆಯ ಟೀಚರು ನರ್ಸರಿ ಗಿಡ ಮಾರುತ್ತೇನೆ ಅನ್ನುತ್ತಾರೆ, ಡ್ರಿಲ್ ಮೇಷ್ಟ್ರು ಬಾಡಿಗೆ ಕಾರು ಓಡಿಸುತ್ತೇನೆ ಅನ್ನುತ್ತಾರೆ, ಗಂಟೆ ಹೊಡೆದೊಡನೆ ಇಬ್ಬರೂ ಸೀಮೆಸುಣ್ಣ ಹಿಡಿದು ಓಡುತ್ತಾರೆ.

ಈ ವರ್ಷ ಮಾತ್ರ ಹೋಗಲಿಕ್ಕೆ ಒಂದು ಜಾಗ ಸಿದ್ಧವಾಗಿತ್ತು. ಹೆಂಡತಿಯ ತಮ್ಮ ಬಸ್ ಡಿಪೋದ ರಸ್ತೆಯಲ್ಲಿ ಪೇಂಟು, ನಲ್ಲಿ, ಮೊಳೆ, ಪೈಪು ಮಾರುವ ಅಂಗಡಿಯನ್ನು ದೊಡ್ಡದು ಮಾಡಿದ್ದ. ನಂಬಿಕಸ್ಥರೊಬ್ಬರು ಬೇಕಾಗಿತ್ತು.

“ಬಂದ್ಬಿಡಿ ಭಾವ,” ಅಂದ ಅವನು. “ಗಿರಾಕಿ ಮೊಳೆ ಕೇಳ್ತಾನೆ, ನೀವು ಮೊಳೆ ಕೊಡ್ತೀರ, ಅವನು ಹೋಗ್ತಾನೆ. ಮೊಳೆ ಕೊಟ್ಟಿದ್ದಕ್ಕೆ ಫೋಟೋ ತೆಗೆದು ಯಾರಿಗೂ ಕಳಿಸ್ಬೇಕಾಗಿಲ್ಲ.”

ಮೇಷ್ಟ್ರಿಗೆ ನಗು ಬಂತು. ಅವರ ದಿನವೆಲ್ಲ ಫೋಟೋದಲ್ಲೇ ಕಳೆಯುತ್ತಿತ್ತು. ಮಕ್ಕಳು ಬಂದ ಫೋಟೋ, ಕೈ ತೊಳೆದ ಫೋಟೋ, ಊಟ ಮಾಡಿದ ಫೋಟೋ, ಪಾಠ ಮಾಡುತ್ತಿದ್ದೇನೆ ಎಂದು ಪಾಠ ನಿಲ್ಲಿಸಿ ತೆಗೆದ ಫೋಟೋ. ಒಂದಾದರೂ ಆಫೀಸಿಗೆ ಹೋಗದಿದ್ದರೆ ಸಂಜೆ ಹೆಡ್‌ಮೇಡಂ ಫೋನು. ಪಾಠ ಮಾಡಿದಿರಾ ಎಂದು ಮಾತ್ರ ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಒಬ್ಬನೇ ಒಬ್ಬ ಅಧಿಕಾರಿಯೂ ಕೇಳಿರಲಿಲ್ಲ.

ಆದರೂ ಅವರು ಬಾಮೈದನಿಗೆ ತಕ್ಷಣ ಹ್ಞೂಂ ಅನ್ನಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರು: “ಕ್ಲಾಸಲ್ಲಿ ಒಬ್ಬಳು ಹುಡುಗಿ ಇದಾಳೆ. ಅವಳಿಗೆ ಈ ವರ್ಷ ಓದೋದು ಬಂದ್ರೆ ಸ್ಕೂಲಲ್ಲೇ ಇರ್ತೀನಿ. ಬರ್ಲಿಲ್ಲ ಅಂದ್ರೆ ನಿನ್ನ ತಮ್ಮನ ಅಂಗಡಿ.”

“ಒಂದು ಹುಡುಗಿ ಮೇಲೆ ಪಣ ಇಟ್ಕೊಂಡ್ರಾ? ರೀ, ಕ್ಲಾಸಲ್ಲಿ ನಲವತ್ತೊಂದು ಮಕ್ಕಳಿದಾರೆ.”

“ಅಷ್ಟು ಜನರ ಮೇಲೆ ಇಟ್ಕೊಳ್ಳೋ ಧೈರ್ಯ ಈಗ ಉಳಿದಿಲ್ಲ ಕಣೆ.”

ಆ ಹುಡುಗಿಯನ್ನು ಮಕ್ಕಳು ‘ರೇಡಿಯೋ’ ಎಂದು ಕರೆಯುತ್ತಿದ್ದರು. ಒಂದು ಸಲ ಕಿವಿಗೆ ಬಿದ್ದದ್ದು ಅವಳ ತಲೆಯಲ್ಲಿ ಹಾಗೇ ಕೂತುಬಿಡುತ್ತಿತ್ತು. ಪಾಠಕ್ಕೆ ಪಾಠವನ್ನೇ ಒಪ್ಪಿಸುತ್ತಿದ್ದಳು, ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸುತ್ತಿದ್ದಳು, ಮೇಷ್ಟ್ರು ಕೆಮ್ಮಿದ್ದರೆ ಆ ಕೆಮ್ಮನ್ನೂ ಬಿಡುತ್ತಿರಲಿಲ್ಲ. ಪುಸ್ತಕ ತೆರೆದು ಸಾಲಿನ ಕೆಳಗೆ ಬೆರಳು ಓಡಿಸುತ್ತ ಹೇಳುವಾಗ ನೋಡಿದವರಿಗೆ ‘ಆಹಾ, ಎಂಥ ಓದು!’ ಅನ್ನಿಸಬೇಕು. ನಾಲ್ಕು ತರಗತಿಗಳನ್ನು ಹಾಗೆಯೇ ದಾಟಿ ಐದಕ್ಕೆ ಬಂದಿದ್ದಳು. ಒಂದು ದಿನ ಓದುವಾಗ ಅವಳು ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದಳು. ಬಾಯಿ ಮಾತ್ರ ಸರಿಯಾದ ಪುಟದ್ದನ್ನೇ ಹೇಳುತ್ತಾ ಹೋಯಿತು. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು ಅದನ್ನು ನೋಡಿದರು. ಮಧ್ಯಾಹ್ನ ಅವಳೊಬ್ಬಳನ್ನೇ ಕರೆದು ಹಲಗೆಯ ಮೇಲೆ ಪುಟ್ಟದೊಂದು ಪದ ಬರೆದರು. ಅವಳು ನೋಡಿದಳು, ನೋಡಿದಳು, ಕೊನೆಗೆ ಮೆಲ್ಲಗೆ ಅಂದಳು: “ಒಂದ್ಸಲ ನೀವು ಹೇಳಿ ಸಾರ್, ಆಮೇಲೆ ನಾನು ಹೇಳ್ತೀನಿ.”

ಐದು ಆ ಶಾಲೆಯ ಕೊನೆಯ ತರಗತಿ. ಮುಂದಿನ ವರ್ಷ ಅವಳು ರಸ್ತೆಯಾಚೆಯ ದೊಡ್ಡ ಶಾಲೆಗೆ ಹೋಗಬೇಕು. ಅಲ್ಲಿ ವಿಷಯಕ್ಕೊಬ್ಬ ಮೇಷ್ಟ್ರು, ಕೋಣೆಗೆ ಅರವತ್ತು ಮಕ್ಕಳು; ಓದಿ ಹೇಳುವವರು ಯಾರೂ ಇಲ್ಲ, ಬರೆದದ್ದನ್ನು ನೋಡಿಕೊಳ್ಳಿ ಅನ್ನುವವರೇ ಎಲ್ಲ. ಅಲ್ಲಿಗೆ ಹೋದ ಮೇಲೆ ಈ ಹುಡುಗಿಗೆ ಓದು ಕಲಿಸುವವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು.

ಶಾಲೆಯಲ್ಲಿ ಬೆಳಗಿನ ಗಂಟೆಗೆ ಮೊದಲು ಅರ್ಧ ಗಂಟೆಯ ಒಂದು ಅವಧಿ ಇತ್ತು, ಓದು ಬಾರದ ಮಕ್ಕಳಿಗಾಗಿ. ಆ ಮಕ್ಕಳ ಹೆಸರುಗಳು ಆಫೀಸಿನವರೂ ನೋಡುವ, ಫೋನಿನೊಳಗಿನ ಪಟ್ಟಿಯೊಂದರಲ್ಲಿ ಇರುತ್ತಿದ್ದವು. ಹೆಸರು ಇರುವವರೆಗೆ ಅವಧಿ, ಹೆಸರು ಹೋದರೆ ಅವಧಿಯೂ ಹೋಯಿತು. ಮೇಷ್ಟ್ರ ತರಗತಿಯಿಂದ ಆರು ಹೆಸರುಗಳಿದ್ದವು. ಐವರು ದೀಪಾವಳಿ ಪಟಾಕಿಗಳಂತೆ ಸಿಡಿಯದಿದ್ದರೂ ಹೇಗೋ ಹೊತ್ತಿಕೊಂಡು ಪಟ್ಟಿಯಿಂದ ಹೊರಬಿದ್ದರು. ರೇಡಿಯೋ ಒಬ್ಬಳು ಉಳಿದಳು.

ಅವಳಿಗೆ ಮೇಷ್ಟ್ರು ಚೀಟಿಗಳನ್ನು ಮಾಡಿದರು. ಒಂದೊಂದರಲ್ಲಿ ಒಂದೊಂದು ಪದ, ಅವಳ ಎದುರಿಗೆ ಬಾಯಿಬಿಟ್ಟು ಹೇಳದ ಪದ. ಚೀಟಿ ಕೊಟ್ಟು ತುಟಿ ಬಿಗಿದು ಕೂರುವುದು. ಅವಳು ಮುಖ ನೋಡುತ್ತಿದ್ದಳು, ಇವರು ಕಿಟಕಿ ನೋಡುತ್ತಿದ್ದರು. ಐದು ವಾರ ಏನೂ ಆಗಲಿಲ್ಲ. ಆರನೆಯ ವಾರ ಒಂದು ಬೆಳಿಗ್ಗೆ, ಮೂಗಿನ ಮೇಲೆ ಬೆವರು ತರಿಸಿಕೊಂಡು, ಒಂದೊಂದೇ ಅಕ್ಷರವನ್ನು ಕಿತ್ತು ಕಿತ್ತು, “ಬಾ... ಗಿ... ಬಾಗಿಲು” ಅಂದಳು. ಅಂದವಳೇ ಬೆಚ್ಚಿ ಹಿಂದೆ ತಿರುಗಿ ನೋಡಿದಳು.

“ಸಾರ್, ಯಾರೂ ಹೇಳ್ಕೊಡ್ಲಿಲ್ಲ! ಅದೇ ಹೇಳ್ತು ಸಾರ್!”

ಅಯ್ಯೋ, ಆ ದಿನದ ಮೇಷ್ಟ್ರನ್ನು ನೋಡಬೇಕಿತ್ತು. ನಲವತ್ತಾರು ವರ್ಷದ ಮನುಷ್ಯ ಕಾರಿಡಾರಿನಲ್ಲಿ ಒಬ್ಬರೇ ನಗುತ್ತ ಓಡಾಡಿದರು. ಊಟದ ಫೋಟೋ ಕಳಿಸುವುದನ್ನೇ ಮರೆತು ಬೈಸಿಕೊಂಡರು. ರಾತ್ರಿ ಹೆಂಡತಿಗೆ, “ನಿನ್ನ ತಮ್ಮನಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋಕೆ ಹೇಳು” ಅಂದರು. ಎರಡು ತಿಂಗಳಲ್ಲಿ ಅವಳು ಓದಬಲ್ಲ ಚೀಟಿಗಳ ಸಂಖ್ಯೆ ಇಪ್ಪತ್ತಮೂರಕ್ಕೆ ಏರಿತು.

ಆಗ ಮನೆ ಎಣಿಸುವ ಕೆಲಸ ಬಂತು. ಊರಿನ ಮನೆಗಳೆಷ್ಟು, ಒಳಗೆ ತಲೆಗಳೆಷ್ಟು, ಎಷ್ಟು ಮನೆಗೆ ನಲ್ಲಿ ಇದೆ ಎಂದು ಬರೆದುಕೊಳ್ಳಲು ಸರ್ಕಾರಕ್ಕೆ ಯಾವಾಗಲೂ ಮೇಷ್ಟ್ರುಗಳೇ ಬೇಕು. ಬಿಟ್ಟಿ ಸಿಕ್ಕವರು ಅವರೇ ಅಲ್ಲವೇ. ಮೂರು ವಾರ ಮೇಷ್ಟ್ರು ಬಾಗಿಲು ಬಾಗಿಲು ಬಡಿದರು, ನಾಯಿಗಳಿಂದ ಬೊಗಳಿಸಿಕೊಂಡರು. ವಾಪಸು ಬಂದಾಗ ರೇಡಿಯೋಗೆ ಏಳು ಚೀಟಿಗಳು ಮಾತ್ರ ನೆನಪಿದ್ದವು. ಬಾಯಿಪಾಠ ಮರೆಯದ ಹುಡುಗಿ, ಓದನ್ನು ಮರೆತಿದ್ದಳು.

ಹೆಡ್‌ಮೇಡಂ ಕೋಣೆಗೆ ಕರೆದರು. ಕೆಟ್ಟ ಹೆಂಗಸಲ್ಲ ಅವರು; ನಿವೃತ್ತಿಗೆ ಎರಡು ವರ್ಷ ಇತ್ತು, ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು ಬೈಸಿಕೊಳ್ಳುವುದು ಸಾಕಾಗಿತ್ತು.

“ಸುತ್ತಮುತ್ತಲಿನ ಎಲ್ಲಾ ಸ್ಕೂಲ್‌ದೂ ಪಟ್ಟಿ ಸೊನ್ನೆ ಆಗಿದೆ ಮೇಷ್ಟ್ರೇ. ನಮ್ದೊಂದೇ ಹೆಸರು ಉಳಿದಿರೋದು, ನಿಮ್ಮ ಹುಡುಗೀದು. ನಾಳೆ ಆಫೀಸಿಂದ ಪರೀಕ್ಷೆ ಮಾಡೋಕೆ ಬರ್ತಾರೆ.”

“ಅವಳಿಗೆ ಬರಲ್ಲ ಮೇಡಂ. ಇನ್ನೊಂದು ಮೂರು ತಿಂಗಳು ಕೊಡಿ, ಬರುತ್ತೆ.”

“ನಾನೆಲ್ಲಿಂದ ಕೊಡ್ಲಿ? ನಾಳೆ ಒಂದು ದಿನ ಕಳೆದ್ರೆ ಸಾಕಾಗಿದೆ ನಂಗೆ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು.”

ಮರುದಿನ ಪರೀಕ್ಷಕಿ ಬಂದರು. ಚಿಕ್ಕ ವಯಸ್ಸು, ಕೈಯಲ್ಲಿ ಫೋನು, ಮಧ್ಯಾಹ್ನದೊಳಗೆ ಇನ್ನೆರಡು ಶಾಲೆ ಮುಗಿಸಬೇಕಾದ ಅವಸರ. ಪುಸ್ತಕ ತೆಗೆದು ಒಂಬತ್ತನೆಯ ಪಾಠಕ್ಕೆ ಬೆರಳಿಟ್ಟು ರೇಡಿಯೋಗೆ ಕೊಟ್ಟರು. ಹಿಂದಿನ ದಿನ ಮೇಷ್ಟ್ರು ತರಗತಿಗೆ ಗಟ್ಟಿಯಾಗಿ ಓದಿ ಹೇಳಿದ್ದು ಅದೇ ಪಾಠ. ಇನ್ನೇನು ಬೇಕು? ಹುಡುಗಿ ನೆಟ್ಟಗೆ ನಿಂತು, ಬೆರಳು ಓಡಿಸುತ್ತ, ಒಂದಕ್ಷರ ತಪ್ಪದೆ, ದುಃಖದ ಜಾಗದಲ್ಲಿ ದನಿ ಇಳಿಸಿ, ಪ್ರಶ್ನೆಯ ಜಾಗದಲ್ಲಿ ಏರಿಸಿ, ಒಂದೂವರೆ ಪುಟ ಹೇಳಿಬಿಟ್ಟಳು.

“ಅಬ್ಬಾ!” ಅಂದರು ಪರೀಕ್ಷಕಿ. “ಈ ವಾರ ನಾನು ಕೇಳಿದ್ದರಲ್ಲಿ ಇದೇ ಚೆನ್ನಾಗಿರೋ ಓದು. ಎಲ್ಲಾರೂ ಚಪ್ಪಾಳೆ ಹೊಡೀರಿ. ಏನ್ರೀ ಮೇಷ್ಟ್ರೇ, ಇವಳಿಗೆ ಓದು ಬರಲ್ಲ ಅಂತ ಬರೆದಿದೀರಲ್ಲ, ಇದ್ಯಾವ ನ್ಯಾಯ?”

ನಲವತ್ತು ಮಕ್ಕಳು ಚಪ್ಪಾಳೆ ಹೊಡೆದರು. ಮೇಷ್ಟ್ರ ಜೇಬಿನಲ್ಲಿ ಚೀಟಿಗಳ ಕಟ್ಟು ಇತ್ತು. ಒಂದನ್ನು ತೆಗೆದು ‘ಇದನ್ನು ಓದಿಸಿ ನೋಡಿ ಮೇಡಂ’ ಅಂದರೆ ಮುಗಿಯಿತು. ಹೆಸರು ಪಟ್ಟಿಯಲ್ಲಿ ಉಳಿಯುತ್ತಿತ್ತು, ಬೆಳಗಿನ ಅರ್ಧ ಗಂಟೆಯೂ ಉಳಿಯುತ್ತಿತ್ತು. ಕೈ ಜೇಬಿಗೆ ಹೋಯಿತು. ಅಷ್ಟರಲ್ಲಿ ಹುಡುಗಿ ಇವರ ಕಡೆ ತಿರುಗಿದಳು. ಮುಖ ಅರಳಿತ್ತು. ಅವಳಿಗೆ ಯಾರಾದರೂ ಚಪ್ಪಾಳೆ ಹೊಡೆದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಆ ಮುಖದ ಎದುರಿಗೆ, ಆ ನಲವತ್ತು ಮಕ್ಕಳ ಎದುರಿಗೆ, ಚೀಟಿ ತೆಗೆಯಲು ಅವರ ಕೈ ಬರಲಿಲ್ಲ. ನಾಳೆ ಹೇಳಿದರಾಯಿತು, ಹೆಡ್‌ಮೇಡಂ ಒಬ್ಬರೇ ಇರುವಾಗ ಹೇಳಿದರಾಯಿತು ಅಂದುಕೊಂಡರು. ಪರೀಕ್ಷಕಿ ಫೋನು ಚಾಚಿ, “ಕ್ಲಾಸ್ ಟೀಚರ್ ನೀವೇ ಒತ್ತಬೇಕು” ಅಂದರು. ‘ಓದಲು ಬರುತ್ತದೆ’ ಎಂಬಲ್ಲಿ ಮೇಷ್ಟ್ರು ಒತ್ತಿದರು. ‘ಖಚಿತವೇ?’ ಎಂದು ಫೋನು ಕೇಳಿತು. ಹೌದು ಎಂದು ಅದನ್ನೂ ಒತ್ತಿದರು.

ಬುದ್ಧಿ ಇದ್ದವರು ಯಾರಾದರೂ ಹೀಗೆ ಮಾಡುತ್ತಾರೆಯೇ? ಡಾಕ್ಟರು ರೋಗಿಗೆ ಬೇಜಾರಾಗುತ್ತದೆ ಎಂದು ಜ್ವರ ಇಲ್ಲವೆಂದು ಬರೆಯುವುದಿಲ್ಲ. ಇದು ಮೇಷ್ಟ್ರುಗಳು ಮಾತ್ರ ಮಾಡುವ ತಪ್ಪು.

ಮರುದಿನ ಬೆಳಿಗ್ಗೆ ವೇಳಾಪಟ್ಟಿಯಲ್ಲಿ ಓದಿನ ಅವಧಿ ಇರಲಿಲ್ಲ. ಪಟ್ಟಿ ಸೊನ್ನೆಯಾಗಿತ್ತು. ಆ ಅರ್ಧ ಗಂಟೆಗೆ ಹೊಸ ಕೆಲಸ ಬಂದಿತ್ತು: ಹಿಂದಿನ ದಿನದ ಫೋಟೋಗಳಲ್ಲಿ ಬಿಟ್ಟುಹೋದವನ್ನು ಕಳಿಸುವುದು.

ಮೇಷ್ಟ್ರು ಹೆಡ್‌ಮೇಡಂ ಬಳಿ ಓಡಿದರು. “ಮೇಡಂ, ತಪ್ಪಾಗಿ ಒತ್ಬಿಟ್ಟೆ. ತೆಗೆಸಿ.”

“ತೆಗೆಸಬಹುದು. ಸುಳ್ಳು ಮಾಹಿತಿ ಅಂತ ನಿಮಗೊಂದು ನೋಟಿಸು, ನನಗೊಂದು ನೋಟಿಸು.”

“ಬರ್ಲಿ ಬಿಡಿ.”

“ಆಮೇಲೆ ದೊಡ್ಡ ಅಧಿಕಾರಿ ಬಂದು ಹುಡುಗೀನ ಇನ್ನೊಂದ್ಸಲ ಎಲ್ಲರೆದುರಿಗೆ ನಿಲ್ಲಿಸ್ತಾರೆ. ನಿನ್ನೆ ಚಪ್ಪಾಳೆ ಹೊಡೆದ ಮಕ್ಕಳೇ ಕೂತಿರ್ತವೆ. ಆಗಬಹುದಾ?”

ಮೇಷ್ಟ್ರು ಮಾಡಿದ್ದುಣ್ಣೋ ಮಹಾರಾಯ ಎಂದು ತಮಗೆ ತಾವೇ ಹೇಳಿಕೊಂಡು ಹೊರಗೆ ಬಂದರು.

ಊಟದ ಬಿಡುವಿನಲ್ಲಿ ಕಲಿಸೋಣ ಎಂದು ಹುಡುಗಿಯನ್ನು ಕರೆದರು. ಎರಡು ದಿನ ಬಂದಳು. ಮೂರನೆಯ ದಿನ ಅಂಗಳದಲ್ಲಿ ಹಗ್ಗ ಹಾರುತ್ತಿದ್ದವಳನ್ನು ಕೂಗಿದರೆ ಅಲ್ಲಿಂದಲೇ ಅಂದಳು: “ನಂಗೆ ಓದೋಕೆ ಬರುತ್ತಲ್ಲ ಸಾರ್!” ಹತ್ತಿರ ಬಂದು, ಸಮಾಧಾನ ಹೇಳುವವಳ ಹಾಗೆ, “ಚೀಟಿ ಓದೋದು ತುಂಬಾ ಕಷ್ಟ ಸಾರ್. ಆ ಮೇಡಂ ನಾನು ಓದೋ ತರಾನೇ ಚೆನ್ನಾಗಿದೆ ಅಂದ್ರಲ್ಲ. ನೀವೂ ಹೌದು ಅಂದ್ರಿ” ಎಂದಳು.

ತಪ್ಪೇನಿದೆ ಅವಳದು? ಸುಲಭದ ದಾರಿಗೆ ದೊಡ್ಡವರಿಬ್ಬರು ಸೇರಿ ಒಪ್ಪಿಗೆ ಕೊಟ್ಟ ಮೇಲೆ ಕಷ್ಟದ ದಾರಿಯಲ್ಲಿ ಯಾವ ಮಗು ನಡೆಯುತ್ತದೆ?

ಕೊನೆಗೆ ಅವಳ ತಾಯಿಯನ್ನು ಹುಡುಕಿಕೊಂಡು ಡಿಪೋಗೆ ಹೋದರು. ಆಕೆ ಬಸ್ಸು ತೊಳೆಯುತ್ತಿದ್ದಳು, ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ನೀರಿನ ಪೈಪು. ಮೇಷ್ಟ್ರನ್ನು ನೋಡಿ ಪೈಪು ಕೆಳಗಿಟ್ಟು ಕೈ ಒರೆಸಿಕೊಂಡಳು.

“ಎಲ್ಲಾರೂ ಚಪ್ಪಾಳೆ ಹೊಡೆದ್ರಂತೆ ಮೇಷ್ಟ್ರೇ! ಇಲ್ಲಿ ಎಲ್ಲಾರ್ಗೂ ಹೇಳಿದೀನಿ. ನನಗಂತೂ ಅಕ್ಷರ ಹತ್ತಲಿಲ್ಲ, ಅವಳಿಗೆ ಹತ್ತಿತಲ್ಲ, ಅಷ್ಟು ಸಾಕು.”

“ಇನ್ನೂ ಸ್ವಲ್ಪ ಕಲೀಬೇಕಮ್ಮ ಅವಳು. ರಜೆಯಲ್ಲಿ ನಮ್ಮ ಮನೆಗೆ ಕಳಿಸಿದ್ರೆ...”

ಆಕೆಯ ಮುಖ ಸಪ್ಪಗಾಯಿತು. “ಬರುತ್ತೆ ಅಂತ ನೀವೇ ಒತ್ತಿದ್ರಂತಲ್ಲ? ಈಗ ಬರಲ್ಲ ಅಂತೀರಾ?”

ಬಸ್ಸಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು, “ಬರುತ್ತೆ, ಬರುತ್ತೆ. ಹಾಗಲ್ಲ ನಾನಂದಿದ್ದು” ಎಂದು ತಡವರಿಸಿ, ರಜೆಗೆ ಹುಡುಗಿಯನ್ನು ಅಜ್ಜಿ ಮನೆಗೆ ಕಳಿಸುವುದೆಂದು ಆಗಲೇ ಗೊತ್ತಾಗಿದೆ ಎಂಬುದನ್ನು ಕೇಳಿಸಿಕೊಂಡು, ಹಿಂದಿರುಗಿದರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಶಾಲೆಯ ಕೊನೆಯ ದಿನ ಐದನೆಯ ತರಗತಿಯವರಿಗೆಲ್ಲ ಆಫೀಸಿನಿಂದ ಪ್ರಮಾಣಪತ್ರಗಳು ಬಂದಿದ್ದವು, ದಪ್ಪ ಕಾಗದ, ಸುತ್ತ ಚಿನ್ನದ ಬಣ್ಣದ ಅಂಚು. ಹಂಚಿ ಮುಗಿದು, ಮಕ್ಕಳು ಗದ್ದಲ ಮಾಡುತ್ತ ಹೊರಗೆ ಹೋದರು. ಬೆಂಚುಗಳ ನಡುವೆ ಬಿದ್ದಿದ್ದ ಪೆನ್ಸಿಲ್ ತುಂಡುಗಳನ್ನು ಮೇಷ್ಟ್ರು ಆರಿಸುತ್ತಿರುವಾಗ ರೇಡಿಯೋ ವಾಪಸು ಬಂದಳು. ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಗೊತ್ತಾದ ಮೇಲೆ ಪತ್ರವನ್ನು ಮುಂದೆ ಹಿಡಿದಳು.

“ಸಾರ್, ಇದರಲ್ಲಿ ಏನು ಬರೆದಿದೆ, ಒಂದ್ಸಲ ಓದಿ. ಅಮ್ಮನಿಗೆ ಓದಿ ಹೇಳ್ಬೇಕು.”

ಮೇಷ್ಟ್ರು ತೆಗೆದುಕೊಂಡರು. ಗಟ್ಟಿಯಾಗಿ ಓದಿದರು: “ಈ ವಿದ್ಯಾರ್ಥಿನಿಯು ತನ್ನ ತರಗತಿಯ ಪಠ್ಯವನ್ನು ಯಾರ ನೆರವೂ ಇಲ್ಲದೆ ಸರಾಗವಾಗಿ ಓದಬಲ್ಲಳೆಂದು ಪ್ರಮಾಣೀಕರಿಸಲಾಗಿದೆ.” ಕೆಳಗೆ ತರಗತಿಯ ಶಿಕ್ಷಕರ ಸಹಿ. ಅದೂ ಅವರದೇ.

“ಇನ್ನೊಂದ್ಸಲ ಓದ್ಲಾ?”

“ಬೇಡ ಸಾರ್, ಬಂತು,” ಎಂದು ಅವಳು ಪತ್ರ ಇಸಕೊಂಡು ಓಡಿದಳು.

ಮೇಷ್ಟ್ರು ಹೆಡ್‌ಮೇಡಂ ಕೋಣೆಗೆ ಹೋಗಿ ಒಂದು ಹಾಳೆ ಕೇಳಿ ಇಸಕೊಂಡು ಅಲ್ಲೇ ಕೂತು ರಾಜೀನಾಮೆ ಬರೆದರು. ಹೆಡ್‌ಮೇಡಂ ಎರಡು ಸಲ ಓದಿದರು, ಕನ್ನಡಕ ತೆಗೆದರು. ಆಮೇಲೆ, “ಕಾರಣ ಬರೆದಿಲ್ಲವಲ್ಲ ಮೇಷ್ಟ್ರೇ. ಕಾರಣ ಇಲ್ದೆ ಆಫೀಸಲ್ಲಿ ತಗೊಳ್ಳಲ್ಲ” ಅಂದರು.

ಮೇಷ್ಟ್ರು ಹಾಳೆಯನ್ನು ಮತ್ತೆ ಎಳೆದುಕೊಂಡರು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದು ಆಫೀಸಿನ ನಾಲ್ಕು ಮೇಜುಗಳ ಮೇಲೆ ಹೋಗುತ್ತದೆ, ನಾಲ್ಕು ಜನ ಓದುತ್ತಾರೆ, ಯಾವ ಹುಡುಗಿ ಎಂದು ಕೇಳುತ್ತಾರೆ. ಕೊನೆಗೆ ಎಲ್ಲರೂ ಬರೆಯುವುದನ್ನೇ ಬರೆದರು: ‘ಮನೆಯ ತೊಂದರೆ.’